ಥಂಡಿ ಹಿಡಿದ ಬೆರಳು

ನೋವಿಲ್ಲದ ಗಾಯ, ಗಾಯ ಹೌದೋ ಅಲ್ಲವೋ?

ಬಚ್ಚಲ ಕಲ್ಲಿನ ಮೇಲೆ ಕುಳಿತ ಮಚ್ಚೇಂದ್ರನಿಗೆ ಮುಂಜಾನೆಯಿಂದ ಇದೊಂದೇ ಯೋಚನೆ. ಬಲಗಾಲಿನ ಹೆಬ್ಬೆರಳ ಬದಿಗೆ ಬಾರಿಹಣ್ಣಿನಷ್ಟು ದೊಡ್ಡ ಗುಳ್ಳೆ. ನಿನ್ನೆ ಅದರೊಳಗೆ ತಿಳಿನೀರು ಇತ್ತು. ಇಂದು ಒಡೆದು, ಅಂಚು ಕಪ್ಪಾಗಿದೆ. ಉಗುರಿನಿಂದ ಒತ್ತಿ ನೋಡಿದ. ಬೇರೆ ಯಾರದೋ ಕಾಲನ್ನು ಒತ್ತಿದ ಹಾಗಿತ್ತು. ನೋವಾಗಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನೋವು ಗೊತ್ತಾಗದ್ದಕ್ಕೆ ಬೆಟ್ಟದ ಥಂಡಿಯೇ ಕಾರಣ ಇರಬೇಕು, ಮತ್ತೇನು, ಎಂದುಕೊಂಡ. ಹಾಗೆ ಅಂದುಕೊಂಡ ಬೆನ್ನಿಗೇ, ಬೆಟ್ಟ ಬಿಟ್ಟು ಐದು ವರ್ಷ ಆಯಿತಲ್ಲ ಎಂದು ಒಳಗಿನಿಂದ ಇನ್ನೊಂದು ದನಿ ಎದ್ದಿತು. ಇಳಿದು ಬಂದಾಗ ಮಲಗಿದ್ದ ಥಂಡಿ ಆಮೇಲೆ ಯಾಕೆ ಏಳಬೇಕು? ಆ ದನಿಯ ಮೇಲೆ ಒಂದು ತಂಬಿಗೆ ನೀರು ಸುರಿದು ಅವನು ಎದ್ದುಬಿಟ್ಟ.

ಬಸವಕಲ್ಯಾಣ ತಾಲೂಕಿನ ಕೊಹಿನೂರಿನಲ್ಲಿ ಮಚ್ಚೇಂದ್ರನ ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರ ಬಾಯಲ್ಲೂ ಅವನು ಫೌಜಿ. ಹತ್ತೊಂಬತ್ತನೆಯ ವಯಸ್ಸಿಗೆ ಸೈನ್ಯ ಸೇರಿ, ಹದಿನೆಂಟು ವರ್ಷ ದುಡಿದು, ಅದರಲ್ಲಿ ಮೂರು ಸರತಿ ಲಡಾಖಿನ ಹಿಮದ ಠಾಣ್ಯಗಳಲ್ಲಿ ಕಳೆದು, ೧೯೯೯ರಲ್ಲಿ ಹವಾಲ್ದಾರನಾಗಿ ಮನೆಗೆ ಬಂದಿದ್ದ. ಈಗ ಬಸವಕಲ್ಯಾಣದ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕಾವಲು ಕಾಯುತ್ತಾನೆ. ಕಾಲು ಜೋಮು ಹಿಡಿಯತೊಡಗಿ ಎರಡು ವರ್ಷದ ಮೇಲಾಗಿದೆ. ಊರವರಿಗೆ ಅದು ಥಂಡಿ ಹಿಡಿದ ಕಾಲು. ಪ್ರತಿ ಜನವರಿ ಇಪ್ಪತ್ತಾರಕ್ಕೆ ಸಾಲೆಯಲ್ಲಿ ಝೇಂಡಾ ಏರಿಸಿದ ಮೇಲೆ ಮಾಸ್ತರು ಅವನನ್ನು ಮಾತಿಗೆ ಕರೆಯುತ್ತಾರೆ. ಹಿಮಗಾಳಿ ಬೀಸಿದ್ದು, ಬೂಟಿನೊಳಗೆ ನೀರು ಹೊಕ್ಕಿದ್ದು, ಬೆಳಗಾಗುವುದರೊಳಗೆ ಬೆರಳು ಕಲ್ಲಾಗಿ ಕಪ್ಪಗಾದದ್ದು, ಎಲ್ಲವನ್ನೂ ಅವನು ಹೇಳುತ್ತಾನೆ. ಯಾರ ಬೆರಳು ಎಂದು ಬಿಡಿಸಿ ಹೇಳುವುದಿಲ್ಲ. ಮಕ್ಕಳು ಬಾಯಿ ತೆರೆದು ಅವನ ಕಾಲಿನ ಕಡೆ ನೋಡುತ್ತಾರೆ. ಅವನು ಬೇಡ ಅನ್ನುವುದಿಲ್ಲ.

ಫೌಜಿಯ ಊಟವೂ ಊರಿಗೆ ಒಂದು ನೋಟವೇ. ಎತ್ತರದ ಠಾಣ್ಯದಲ್ಲಿ ಗಾಳಿ ತೆಳ್ಳಗೆ. ಅಲ್ಲಿ ಮೊದಲು ಸಾಯುವುದು ಹಸಿವು. ತಿನ್ನದವನು ನಾಲ್ಕು ದಿನದಲ್ಲಿ ನೆಲ ಹಿಡಿಯುತ್ತಾನೆ. ಅದಕ್ಕೇ ಅಲ್ಲಿನ ಡಾಕ್ಟರು ದಿನಾ ಹೇಳುತ್ತಿದ್ದರು: ಹಸಿವು ಸತ್ತರೂ ಊಟ ಸಾಯಬಾರದು, ಗಡಿಯಾರ ನೋಡಿ ತಿನ್ನಿರಿ. ಮಚ್ಚೇಂದ್ರ ಆ ಮಾತನ್ನು ಹುಕುಮಿನಂತೆ ಕಟ್ಟಿಕೊಂಡು ಕೊಹಿನೂರಿಗೆ ತಂದ. ಆರಕ್ಕೆ ಗಟ್ಟಿಹಾಲು ಹಾಕಿ, ನಾಲ್ಕು ಚಮಚ ಸಕ್ಕರೆ ಕಲಸಿದ ಚಹಾ. ಎಂಟಕ್ಕೆ ಡಾಲ್ಡಾದಲ್ಲಿ ಕರಿದ ಪುರಿ. ಹತ್ತಕ್ಕೆ ಬಿಸ್ಕೀಟು. ಮಧ್ಯಾಹ್ನ ತುಪ್ಪ ಸುರಿದ ಅನ್ನ. ಸಂಜೆಗೆ ಶಿರಾ. ತಿಂಗಳಿಗೊಮ್ಮೆ ಬೀದರಿನ ಫೌಜಿ ಕ್ಯಾಂಟೀನಿಗೆ ಹೋಗಿ ಎರಡು ಚೀಲ ತುಂಬಿಕೊಂಡು ಬರುತ್ತಾನೆ. ಫೌಜು ಬಿಟ್ಟು ಬಂದ ಮೊದಲ ವಾರವೇ ಹೆಂಡತಿ ಗಿರಿಜಾಬಾಯಿಗೆ ಹೇಳಿದ್ದ, ಇನ್ನು ಮೇಲೆ ಜೋಳ ಈ ಮನೆಯ ಹೊಸ್ತಿಲು ದಾಟಬಾರದು ಎಂದು.

ಯಾಕೆಂದು ಆಕೆ ಕೇಳಲಿಲ್ಲ. ಆಕೆಗೆ ಗೊತ್ತಿತ್ತು. ಅವನ ತಾಯಿ ಮಂದಿಯ ಕಣದಲ್ಲಿ ರಾಶಿ ಮುಗಿದ ಮೇಲೆ ಮಣ್ಣಿನೊಳಗೆ ಉದುರಿದ ಜೋಳದ ಕಾಳನ್ನು ಸೆರಗಿಗೆ ಆರಿಸಿ ತರುತ್ತಿದ್ದಳು. ಆ ರೊಟ್ಟಿಯಲ್ಲಿ ಹಲ್ಲಿಗೆ ಹರಳು ಸಿಗುತ್ತಿತ್ತು. ಫೌಜಿನ ಪಗಾರ ತರುವ ಮಗನಿಗೆ ಆ ಹರಳು ಇನ್ನೂ ಹಲ್ಲಿನ ಸಂದಿಯಲ್ಲೇ ಇತ್ತು.

೨೦೦೪ನೆಯ ಇಸವಿ, ಎಳ್ಳಮಾಸಿ ಹಬ್ಬ ಮುಗಿದು ಹತ್ತು ದಿನವಾಗಿತ್ತು. ಬೀದರ ಸೀಮೆಯ ಚಳಿ ಹಲ್ಲು ಕಟಕಟಿಸುವಂತಿತ್ತು. ಆ ಗುಳ್ಳೆ ಏಳುವ ಹಿಂದಿನ ಸಂಜೆ ಗಿರಿಜಾಬಾಯಿ ಮಣ್ಣಿನ ಕುಂಪಟಿಯಲ್ಲಿ ಕೆಂಡ ತುಂಬಿ ಪಡಸಾಲೆಯಲ್ಲಿಟ್ಟು ಒಳಗೆ ಹೋದಳು. ಥಂಡಿ ಹಿಡಿದ ಕಾಲಿಗೆ ಕಾವು ಬೇಕು ಎಂದು ಮಚ್ಚೇಂದ್ರ ಕಾಲುಚೀಲ ಸಮೇತ ಬಲಗಾಲನ್ನು ಅದರ ಅಂಚಿಗೆ ತಗುಲಿಸಿ, ರೇಡಿಯೋ ಕೇಳುತ್ತ ಕುಳಿತ. ಸ್ವಲ್ಪ ಹೊತ್ತಿಗೆ ಆಕೆಯ ಮೂಗಿಗೆ ಕಮಟು ವಾಸನೆ ಬಡಿಯಿತು. ಹಾಲು ತಳ ಹಿಡಿದಿದೆ ಎಂದು ಒಲೆ ನೋಡಿದಳು. ಹಾಲು ಸರಿಯಾಗಿಯೇ ಇತ್ತು. ಓಡಿ ಬಂದರೆ ಗಂಡನ ಕಾಲುಚೀಲ ಹೊಗೆಯಾಡುತ್ತಿತ್ತು, ಅವನು ಹಾಯಾಗಿ ತಲೆದೂಗುತ್ತಿದ್ದ. ಎಳೆದು ತೆಗೆದಾಗ ನೈಲಾನಿನ ಚೂರು ಬೆರಳಿಗೆ ಅಂಟಿಕೊಂಡಿತ್ತು. ಫೌಜಿನ ಕಾಲು, ಬೆಂಕಿಗೂ ಜಗ್ಗುವುದಿಲ್ಲ ಎಂದು ಅವನು ನಕ್ಕ. ಆಕೆ ನಗಲಿಲ್ಲ.

ಆ ಭಾನುವಾರ ಪೋಲಿಯೊ ಹನಿ ಹಾಕುವ ದಿನ. ಹುಲಸೂರ ಕಡೆಯ ಹುಡುಗಿ ಮನೀಷಾ ದವಾಖಾನೆಯ ಸಿಸ್ಟರ್ ಆಗಿ ಬಂದು ನಾಲ್ಕು ವರ್ಷವಾಗಿತ್ತು. ನೀಲಿ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಓಣಿಗೆ ಬಂದವಳನ್ನು ಗಿರಿಜಾಬಾಯಿ ಬಾಗಿಲಲ್ಲೇ ತಡೆದು, ದನಿ ತಗ್ಗಿಸಿ ಎಲ್ಲ ಹೇಳಿದಳು. ಮನೀಷಾ ಪೆಟ್ಟಿಗೆ ಕಟ್ಟೆಯ ಮೇಲಿಟ್ಟು ಒಳಗೆ ಬಂದಳು.

"ಫೌಜಿ ಅಣ್ಣಾರ, ಕಾಲ ತೋರಸ್ರಿ."

"ಯಾಕವ್ವಾ, ನನಗೂ ಪೋಲಿಯೊ ಹನಿ ಹಾಕಾಕಿ ಏನು?"

"ಐದು ವರ್ಷದೊಳಗಿನ ಕೂಸಿಗಷ್ಟ ಹಾಕ್ತೀವ್ರಿ. ನಿಮ್ಮ ಹಟಾ ನೋಡಿದ್ರ ನಿಮಗೂ ಹಾಕಬೇಕಾಗ್ತದ ಅನಸ್ತದ."

ಮಚ್ಚೇಂದ್ರ ಕಾಲು ಚಾಚಿದ. ಆಕೆ ಗಾಯವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಚೀಲದಿಂದ ಚೂರು ಹತ್ತಿ ತೆಗೆದು ಎಳೆಯಾಗಿ ಹೊಸೆದಳು. ಕಣ್ಣು ಮುಚ್ಚಿಕೊಳ್ಳಿರಿ, ಬೆರಳಿಗೆ ಮುಟ್ಟಿದಾಗ ಹೂಂ ಅನ್ನಿರಿ ಎಂದಳು. ಅವನು ಕಣ್ಣು ಮುಚ್ಚಿ ಕಾದ. ಓಣಿಯಲ್ಲಿ ಯಾರೋ ಕೂಸನ್ನು ರಮಿಸುತ್ತಿದ್ದರು. ಪಕ್ಕದ ಮನೆಯ ಅನ್ವರಿ ಬಾವಿಯ ಗಡಗಡೆ ಎಳೆಯುತ್ತಿದ್ದಳು. ಅವನು ಕಾಯುತ್ತಲೇ ಇದ್ದ.

"ಯಾವಾಗ ಸುರು ಮಾಡ್ತಿ?" ಎಂದ.

"ಮುಗಸಿದೆ ರಿ," ಎಂದಳು ಮನೀಷಾ. "ಐದೂ ಬೆರಳ ಎರಡೆರಡು ಸಲ ಮುಟ್ಟೀನಿ."

ಕಣ್ಣು ತೆರೆದಾಗ ಗಿರಿಜಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮನೀಷಾ ಒಂದೊಂದಾಗಿ ಕೇಳತೊಡಗಿದಳು. ಬಾಯಿ ಒಣಗುತ್ತದೆಯೇ? ನೀರಡಿಕೆ ಹೆಚ್ಚೇ? ಪದೇ ಪದೇ ಉಚ್ಚೆಗೆ ಹೋಗುತ್ತೀರಾ? ಮೊದಲೆರಡಕ್ಕೆ ಅವನು ಇಲ್ಲ ಎಂದ. ಮೂರನೆಯದಕ್ಕೆ ಹೆಂಡತಿಯೇ ಉತ್ತರ ಕೊಟ್ಟಳು, ರಾತ್ರಿ ನಾಲ್ಕು ಸಲ ಏಳುತ್ತಾರೆ ಎಂದು. ಅದು ಪಹರೆ ಮಾಡಿದ ರೂಢಿ ಎಂದ ಅವನು.

"ಸಕ್ಕರಿ ಬ್ಯಾನಿ ಇರಬೇಕ್ರಿ ಅಣ್ಣಾರ. ಸಕ್ಕರಿ ಏರಿದ್ರ ನರ ಸಾಯ್ತಾವ. ಮೊದಲು ಕಾಲಿನ ಬೆರಳದು."

"ಅದು ಗಾದಿ ಮ್ಯಾಲ ಕೂಡೂ ಸಾವಕಾರರ ಬಿಮಾರಿ. ನಾ ಫೌಜಿ."

"ಬ್ಯಾಂಕಿನ್ಯಾಗ ನಿಂತ ಕಾಯ್ತೀರೇನ್ರಿ?"

"ಸ್ಟೂಲ್ ಕೊಟ್ಟಾರ."

"ಮುಂಜಾನಿಂದ ಸಂಜೀ ಮಟ?"

ಮನೀಷಾ ಗಾಯ ತೊಳೆದು ಪಟ್ಟಿ ಕಟ್ಟುತ್ತ, ತಲೆ ಎತ್ತದೆ ಇನ್ನೊಂದು ಮಾತು ಕೇಳಿದಳು. "ಥಂಡಿ ಹಿಡದ ಕಾಲಿಗೂ ಬೆಂಕಿ ತೋರಸಬಾರದಂತಲ್ರಿ. ಫೌಜಿನ್ಯಾಗ ಹೇಳಿಲ್ಲೇನು? ಖರೇ ಹೇಳ್ರಿ. ಈ ಜೋಮು ಸುರು ಆದದ್ದು ಅಲ್ಲೋ, ಇಲ್ಲೋ?"

"ಅಲ್ಲೇ," ಎಂದ ಮಚ್ಚೇಂದ್ರ. ಗೋಡೆಯ ಕಡೆ ನೋಡಿ ಎಂದ.

ಫೌಜಿನಲ್ಲಿ ಹೇಳಿದ್ದರು. ಪ್ರತಿ ಚಳಿಗಾಲದ ಮೊದಲ ಪರೇಡಿನಲ್ಲಿ ಹೇಳುತ್ತಿದ್ದರು.

ತಡ ಮಾಡಿದರೆ ಮೊದಲು ಬೆರಳು, ಆಮೇಲೆ ಪಾದ ಎಂದು ಮನೀಷಾ ಮುಚ್ಚುಮರೆಯಿಲ್ಲದೆ ಹೇಳಿದಳು. ನಾಳೆಯೇ ಬಸವಕಲ್ಯಾಣದ ಆಸ್ಪತ್ರೆಗೆ ನಡೆಯಿರಿ ಎಂದು ಒಂದು ಚೀಟಿ ಬರೆದುಕೊಟ್ಟಳು. ಬಸವಕಲ್ಯಾಣ ಬೇಡ ಎಂದ ಅವನು. ಅಲ್ಲಿ ಬ್ಯಾಂಕಿನವರ ಕಣ್ಣಿಗೆ ಬೀಳಬೇಕಾಗುತ್ತದೆ, ಕಾಲಿಲ್ಲದ ಕಾವಲುಗಾರನನ್ನು ಯಾರು ಇಟ್ಟುಕೊಳ್ಳುತ್ತಾರೆ? ಕೊನೆಗೆ ಹುಮನಾಬಾದ್ ಆಗಬಹುದು ಎಂದು ಒಪ್ಪಿದ. ಒಪ್ಪಿದ್ದು ಸಿಸ್ಟರಿನ ಮಾತಿಗಲ್ಲ, ಬಾಯಿಗೆ ಸೆರಗೊತ್ತಿ ನಿಂತ ಹೆಂಡತಿಯನ್ನು ನೋಡಿ. ಗಿರಿಜಾಬಾಯಿ ಆ ದಿನ ಶಿರಾ ಮಾಡಲಿಲ್ಲ. ಯಾಕೆಂದು ಅವನೂ ಕೇಳಲಿಲ್ಲ.

ಮರುದಿನ ಹುಮನಾಬಾದಿನ ದವಾಖಾನೆಯಲ್ಲಿ, ರಕ್ತ ಕೊಟ್ಟು ಉದ್ದನೆಯ ಬೆಂಚಿನ ಮೇಲೆ ಕುಳಿತಾಗ, ಪಕ್ಕದಲ್ಲಿ ಒಬ್ಬ ನಡುವಯಸ್ಸಿನ ಆಳು ಬಂದು ಕುಳಿತ. ಕಂಕುಳಲ್ಲಿ ಊರುಗೋಲು. ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ. ಮಚ್ಚೇಂದ್ರನ ಎದೆ ಅರಳಿತು. ತನ್ನವನು ಒಬ್ಬ ಸಿಕ್ಕ ಎನಿಸಿತು.

"ಯಾವ ಪೋಸ್ಟಿಂಗ್ ಇತ್ತು, ಭಾಯ್?"

"ಮಾಣಿಕನಗರ ಆಟೊ ಸ್ಟ್ಯಾಂಡ್," ಎಂದ ಆತ.

ಚೇಷ್ಟೆ ಇರಬೇಕು ಎಂದುಕೊಂಡು ಮಚ್ಚೇಂದ್ರ, ಹಿಮವೋ ಸುರಂಗ ಬಾಂಬೋ ಎಂದು ಕೇಳಿದ. ಆತ ತನ್ನ ಹೆಸರು ಗಯಾಸುದ್ದೀನ್ ಎಂದ. ಇಪ್ಪತ್ತು ವರ್ಷ ಆಟೊ ಓಡಿಸಿದವನು. ಚಪ್ಪಲಿಯ ಮೊಳೆಯೊಂದು ಅಂಗಾಲಿಗೆ ಹೊಕ್ಕು ಮೂರು ದಿನ ಅಲ್ಲೇ ಇತ್ತಂತೆ. ನಾಲ್ಕನೆಯ ದಿನ ಹೆಂಡತಿ ಅಂಗಳದಲ್ಲಿ ರಕ್ತದ ಹೆಜ್ಜೆ ನೋಡಿ, ಮನೆಗೆ ಯಾರು ಬಂದರು ಎಂದು ಕೇಳಿದಳಂತೆ.

"ನಾನೇ ಬಂದಿದ್ದೆ," ಎಂದು ಗಯಾಸುದ್ದೀನ್ ನಕ್ಕ. "ಶಕ್ಕರ್ ಇತ್ತಂತ. ಯಾರೂ ಹೇಳಿರಲಿಲ್ಲ ಅಂತ ಮಂದಿಗೆ ಹೇಳ್ತೀನಿ. ಹೇಳಿದ್ದರು. ನಾ ಕೇಳಿರಲಿಲ್ಲ. ನಿಮ್ಮದು ಏನಾಗ್ಯದ?"

ಬೆಟ್ಟದ ಕಥೆ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಐದು ವರ್ಷ ಹೇಳಿ ಹೇಳಿ ನುಣುಪಾದ ಕಥೆ. ಆದರೆ ಬಾಯಿಂದ ಹೊರಗೆ ಬರಲಿಲ್ಲ. ಮಚ್ಚೇಂದ್ರ ತನ್ನ ಪಟ್ಟಿ ಕಟ್ಟಿದ ಕಾಲನ್ನೂ, ಪಕ್ಕದಲ್ಲಿ ಮಡಿಚಿ ಪಿನ್ನು ಹಾಕಿದ ಪಾಯಿಜಾಮವನ್ನೂ ನೋಡಿದ. ಮಾಣಿಕನಗರದಲ್ಲಿ ಹಿಮ ಬೀಳುವುದಿಲ್ಲ.

ಡಾಕ್ಟರು ಚೀಟಿ ನೋಡಿದರು. ಸಕ್ಕರೆ ಮುನ್ನೂರ ನಲವತ್ತೆಂಟು. ಥಂಡಿಯಿಂದ ಜೋಮು ಎಂದು ನೀವು ಹೇಳಿದ್ದಾಗಿ ಸಿಸ್ಟರ್ ಬರೆದಿದ್ದಾರೆ, ಅಲ್ಲಿ ಬೆರಳು ಸತ್ತಿದ್ದರೆ ನಾನು ನೋಡುವ ದಾರಿಯೇ ಬೇರೆ, ಸರಿಯಾಗಿ ನೆನಪು ಮಾಡಿಕೊಂಡು ಹೇಳಿರಿ ಎಂದರು. ಗಿರಿಜಾಬಾಯಿ ಅವನ ಬೆನ್ನ ಹಿಂದೆ ಚೀಲ ಹಿಡಿದು ನಿಂತಿದ್ದಳು. ಮಚ್ಚೇಂದ್ರ ಹಿಂದೆ ತಿರುಗಲಿಲ್ಲ.

"ಇಲ್ಲಿ ಬಂದ ಮ್ಯಾಲ ಆದದ್ದು, ಸಾಹೇಬರ. ಎರಡು ವರ್ಷ ಆತು. ಬೆಟ್ಟದ ಮ್ಯಾಲ ನನ್ನ ಕಾಲಿಗೆ ಏನೂ ಆಗಿಲ್ಲ. ಬೆರಳ ಹೋದದ್ದು ಏಕನಾಥಂದು."

ಏಕನಾಥ ಉದಗೀರ ಕಡೆಯವನು, ಅವನ ಜೊತೆ ಒಂದೇ ಗುಡಾರದಲ್ಲಿ ಮಲಗುತ್ತಿದ್ದವನು. ಆ ಹಿಮಗಾಳಿಯಲ್ಲಿ ಎರಡು ಬೆರಳು ಕಳೆದುಕೊಂಡವನು. ಇಷ್ಟನ್ನು ಹೇಳಿ ಮುಗಿಸಿ ಮಚ್ಚೇಂದ್ರ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಗಿರಿಜಾಬಾಯಿ ಅದನ್ನು ತಾನು ತೆಗೆದುಕೊಂಡು ಚೀಲದೊಳಗೆ ಇಟ್ಟಳು. ಆಕೆಗೆ ಇದು ಎಂದೋ ಗೊತ್ತಿತ್ತೋ ಏನೋ.

ಇನ್ನೊಂದು ವಾರ ಬಿಟ್ಟಿದ್ದರೆ ಎಲುಬಿಗೆ ಇಳಿಯುತ್ತಿತ್ತು ಎಂದರು ಡಾಕ್ಟರು. ಸತ್ತ ಚರ್ಮ ಕತ್ತರಿಸಿ, ಔಷಧ ಹಚ್ಚಿ, ಗುಳಿಗೆ ಬರೆದುಕೊಟ್ಟು, ಬೆರಳು ಉಳಿಯುತ್ತದೆ, ಆದರೆ ನೀವು ಉಳಿಸಿಕೊಂಡರೆ ಎಂದು ಕಳಿಸಿದರು.

ಮರುದಿನ ಪಟ್ಟಿ ಬದಲಿಸಲು ಬಂದ ಮನೀಷಾಳಿಗೆ ಅವನು ತನ್ನ ಸಂಶಯವನ್ನು ನೇರವಾಗಿ ಕೇಳಿದ. ಅದೇ ಊಟ ತಿಂದು ಅಲ್ಲಿ ಹುಲಿಯಂತೆ ಇದ್ದೆ, ಇಲ್ಲಿ ಅದೇ ಊಟ ವಿಷ ಹೇಗಾಯಿತು?

ಮನೀಷಾ ಅಡುಗೆಮನೆಯ ಒಲೆಯ ಕಡೆ ಕೈ ತೋರಿದಳು.

"ಮೈಯಾಗ ಒಂದು ಒಲಿ ಅದ ಅನ್ಕೋರಿ. ಥಂಡಿ ಸೀಮ್ಯಾಗ ಮೈ ಬೆಚ್ಚಗ ಇಡಾಕ ಅದು ಧಗಧಗ ಉರೀತದ. ಮ್ಯಾಲೆ ಹೆಗಲ ಮ್ಯಾಲ ಭಾರ, ದಿನಾ ಏರು ಹತ್ತೂದು. ಎಷ್ಟ ಕಟಗಿ ಹಾಕಿದ್ರೂ ಸುಟ್ಟು ಬೂದಿ. ನೀವು ಇಳದು ಬಂದ್ರಿ. ಸ್ಟೂಲ್ ಮ್ಯಾಲ ಕುಂತ್ರಿ. ಒಲಿ ಸಣ್ಣಗಾತು. ಕಟಗಿ ಮಾತ್ರ ಅಷ್ಟ ಹಾಕಾಕತ್ತೀರಿ. ಸುಡದ ಉಳದ ಕಟಗೀನ ರಕ್ತದಾಗ ಸಕ್ಕರಿ ಆಗಿ ನಿಂತದ. ಮನಿತನದಿಂದಲೂ ಬರ್ತದ, ವಯಸ್ಸಿಗೂ ಬರ್ತದ. ಆದ್ರ ನೀವಾಗೇ ಅದಕ್ಕ ಬಾಗಲಾ ತಗದು ಬರ್ರಿ ಅಂದೀರಿ."

"ಮತ್ತ ಅಲ್ಲೇ ಹುಟ್ಟಿದವರು? ಅವರು ಬೆಣ್ಣಿ ಚಹಾ ಕುಡೀತಾರ. ಅವರಿಗೆ ಏನೂ ಆಗೂದಿಲ್ಲ."

ತಲೆತಲಾಂತರದಿಂದ ಹಿಮದ ಸೀಮೆಯಲ್ಲೇ ಬಾಳಿದವರಲ್ಲಿ ಹಲವರ ಒಲೆ ಕುಳಿತಾಗಲೂ ಸ್ವಲ್ಪ ಜೋರಾಗಿಯೇ ಉರಿಯುತ್ತದಂತೆ, ತರಬೇತಿಯಲ್ಲಿ ಹೇಳಿದ್ದರು ಎಂದಳು ಮನೀಷಾ. ಅವರ ಊಟ ಆ ನೆಲಕ್ಕೂ ಆ ದುಡಿಮೆಗೂ ಹೊಂದಿದ ಊಟ. ಆದರೆ ಅವರೂ ದುಡಿಮೆ ಬಿಟ್ಟು, ಹೊರಗಿನಿಂದ ಬಂದವರ ಮೈದಾ, ಸಕ್ಕರೆಗೆ ಬಾಯಿ ಹಚ್ಚಿದರೆ ಅವರನ್ನೂ ಈ ಬೇನೆ ಬಿಡುವುದಿಲ್ಲ ಎಂದಳು.

ಮಚ್ಚೇಂದ್ರನಿಗೆ ತುಂಡುಪ್ ನೆನಪಾದ.

ಲಡಾಖಿನ ಕೆಳಗಿನ ಠಾಣ್ಯಕ್ಕೆ ಹೇಸರಗತ್ತೆಗಳ ಮೇಲೆ ಸಾಮಾನು ತರುತ್ತಿದ್ದವನು ತುಂಡುಪ್. ವಯಸ್ಸು ಅರವತ್ತರ ಮೇಲೆ, ನಡಿಗೆ ಇಪ್ಪತ್ತರದು. ಮಧ್ಯಾಹ್ನ ಬಂಡೆಯ ಮರೆಯಲ್ಲಿ ಕುಳಿತು, ಚರ್ಮದ ಚೀಲದಿಂದ ಹುರಿದ ಜವೆಗೋಧಿಯ ಹಿಟ್ಟು ತೆಗೆದು, ಮರದ ಬಟ್ಟಲಲ್ಲಿ ಉಪ್ಪು ಚಹಾ ಸುರಿದು, ನಾದಿ ಮುದ್ದೆ ಮಾಡಿ ತಿನ್ನುತ್ತಿದ್ದ. ಸಿಪಾಯಿಗಳು ಬಿಸ್ಕೀಟು ಕೊಟ್ಟರೆ ಕಿಸೆಗೆ ಹಾಕಿಕೊಳ್ಳುತ್ತಿದ್ದ, ತಿನ್ನುತ್ತಿರಲಿಲ್ಲ. ಒಂದು ದಿನ ಕಾರಣ ಹೇಳಿದ. ಅವನ ತಮ್ಮ ಕುರಿ ಮಾರಿ, ಲೇಹ ಪೇಟೆಯಲ್ಲಿ ಒಂದು ಗೋದಾಮಿನ ಕೆಲಸಕ್ಕೆ ಕುಳಿತ. ಜವೆಗೋಧಿ ಬಡವರದು ಎಂದು ಬಿಟ್ಟ. ಮೂರೂ ಹೊತ್ತು ಪೇಟೆಯ ಊಟ, ಸಿಹಿ ಚಹಾ. ಐದಾರು ವರ್ಷಕ್ಕೆ ಕಣ್ಣು ಮಂಜಾಯಿತು. ನೀವು ನಿಮ್ಮ ಊಟ ಹೊತ್ತು ನಮ್ಮ ಬೆಟ್ಟಕ್ಕೆ ಬಂದಿರಿ, ನಿಮಗೆ ಇಲ್ಲಿ ಅದು ಬೇಕು, ನಮ್ಮವನಿಗೆ ಬೇಕಿರಲಿಲ್ಲ ಎಂದಿದ್ದ ತುಂಡುಪ್, ಸಿಟ್ಟಿಲ್ಲದೆ. ಆಮೇಲೆ ತನ್ನ ಮುದ್ದೆಯ ಚೂರೊಂದನ್ನು ಮುರಿದು ಮಚ್ಚೇಂದ್ರನ ಅಂಗೈಗೆ ಇಟ್ಟು, ನಿಮ್ಮ ಮನೆಯಲ್ಲಿ ನಿಮ್ಮ ತಾಯಿ ಏನು ನಾದುತ್ತಾಳೆ ಎಂದು ಕೇಳಿದ್ದ. ಮಚ್ಚೇಂದ್ರ ಏನೋ ಒಂದು ಹೇಳಿ ಮಾತು ಹಾರಿಸಿದ್ದ.

ಈಗ ಹನ್ನೊಂದು ವರ್ಷದ ಮೇಲೆ, ಪಟ್ಟಿ ಕಟ್ಟಿಸಿಕೊಳ್ಳುತ್ತ, ಅವನು ಹೆಂಡತಿಯ ಕಡೆ ನೋಡಿದ.

"ಜ್ವಾಳದ ರೊಟ್ಟಿ ಬಡಿಯಾಕ ಬರ್ತದೇನು ಇನ್ನಾ, ಮರತೀಯೋ?"

"ದಿನಾ ಬಡೀತೀನಿ," ಎಂದಳು ಗಿರಿಜಾಬಾಯಿ. "ಅನ್ವರಿ ಮನ್ಯಾಗ."

ಐದು ವರ್ಷದಿಂದ ಆಕೆಯ ಜೋಳದ ಹಿಟ್ಟಿನ ಡಬ್ಬಿ ಅನ್ವರಿಯ ಅಡುಗೆಮನೆಯಲ್ಲಿತ್ತು. ಮಧ್ಯಾಹ್ನ ಹರಟೆಗೆ ಎಂದು ಹೋಗುತ್ತಿದ್ದವಳು ಅಲ್ಲಿ ಎರಡು ರೊಟ್ಟಿ ಬಡಿದು, ಪುಂಡಿಪಲ್ಲೆ ಹಚ್ಚಿ ತಿಂದು ಬರುತ್ತಿದ್ದಳು. ಮನೀಷಾ ಸೆರಗು ಮರೆ ಮಾಡಿ ನಕ್ಕಳು. ಗೋಡೆಯ ಆಚೆಯಿಂದ ಅನ್ವರಿ, "ಐದು ವರ್ಷದ ಒಲಿ ಬಾಡಿಗಿ ಕೊಡಸ್ರಿ ಫೌಜಿ," ಎಂದು ಕೂಗಿದಳು. ಮಚ್ಚೇಂದ್ರ ಮುಖ ಗಂಟಿಕ್ಕಿಕೊಂಡು ಕುಳಿತ. ಆದರೆ ಆ ಸಂಜೆ ಡಬ್ಬಿ ಮನೆಗೆ ಬಂತು. ತಾನೇ ಹೊಸ್ತಿಲಲ್ಲಿ ನಿಂತು ಅದನ್ನು ಕೈಗೆ ತೆಗೆದುಕೊಂಡ.

ಇಲ್ಲಿಗೇ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಫೌಜಿ ಮಾಡಿದ್ದನ್ನು ಅರ್ಧ ಮಾಡುವವನಲ್ಲ. ಜೋಳ ಒಳ್ಳೆಯದು ಎಂದರೆ ಹೊತ್ತಿಗೆ ಆರು ರೊಟ್ಟಿ ತಿನ್ನತೊಡಗಿದ, ಮೇಲೆ ತುಪ್ಪ ಬೇರೆ. ಹದಿನೈದು ದಿನಕ್ಕೆ ರಕ್ತ ನೋಡಿದರೆ ಸಕ್ಕರೆ ಇನ್ನೂರ ಎಂಬತ್ತು. ಮನೀಷಾ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಜ್ವಾಳ ಔಷಧ ಅಲ್ರಿ ಅಣ್ಣಾರ. ಅದೂ ಕಟಗೀನ. ಒಲಿ ನೋಡಿ ಹಾಕ್ರಿ."

ಅಂದಿನಿಂದ ಲೆಕ್ಕ ಸರಿಯಾಯಿತು. ಹೊತ್ತಿಗೆ ಎರಡು ರೊಟ್ಟಿ. ತಾಟಿನ ಅರ್ಧ ಪಲ್ಲೆ, ಸೊಪ್ಪು, ಜೊತೆಗೆ ಬೇಳೆಯೋ ಹೆಸರುಕಾಳೋ. ಚಹಾಕ್ಕೆ ಸಕ್ಕರೆ ಇಲ್ಲ. ಅದು ಮೊದಲ ವಾರ ಮದ್ದಿನಂತೆ ಇತ್ತು, ಮೂರನೆಯ ವಾರಕ್ಕೆ ಚಹಾದಂತೆ ಆಯಿತು. ಡಾಲ್ಡಾ ಡಬ್ಬಿ ಖಾಲಿಯಾಗಿ ತುಳಸಿ ನೆಡಲು ಪಕ್ಕದ ಓಣಿಯ ಒಂದು ಮನೆಗೆ ಹೋಯಿತು. ಗುಳಿಗೆ ಒಂದು ದಿನವೂ ತಪ್ಪಲಿಲ್ಲ. ಹುಕುಮು ಪಾಲಿಸುವುದು ಅವನಿಗೆ ಹೊಸದಲ್ಲ. ಗಾಯ ಇರುವವರೆಗೆ ಕಾಲಿಗೆ ಪೂರ್ತಿ ವಿಶ್ರಾಂತಿ. ಆ ಸಲದ ಝೇಂಡಾಕ್ಕೆ ಅವನು ಹೋಗಲಿಲ್ಲ. ಬ್ಯಾಂಕಿನಲ್ಲಿ ತಾನೇ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದ. ಅವನು ಹೆದರಿದಷ್ಟು ಏನೂ ಆಗಲಿಲ್ಲ. ತನಗೂ ಹತ್ತು ವರ್ಷದಿಂದ ಸಕ್ಕರೆ ಇದೆ ಎಂದು ಮ್ಯಾನೇಜರು ಮೇಜಿನ ಖಾನೆ ಎಳೆದು ಗುಳಿಗೆಯ ಪಟ್ಟಿ ತೋರಿಸಿದರು.

ಯುಗಾದಿಗೆ ಗಾಯ ಮುಚ್ಚಿತು. ಬೆರಳು ಉಳಿಯಿತು. ಸತ್ತ ಸ್ಪರ್ಶ ಮರಳಿ ಬರಲಿಲ್ಲ. ಅದು ಬರುತ್ತದೆ ಎಂದು ಮನೀಷಾ ಸುಳ್ಳು ಭರವಸೆ ಕೊಡಲೂ ಇಲ್ಲ. ಕಾಲು ಹೇಳದ್ದನ್ನು ಈಗ ಕಣ್ಣು ಹೇಳಬೇಕು ಎಂದಳು. ದಿನಾ ಸಂಜೆ ಅವನು ಕಾಲು ತೊಳೆದು ಒರೆಸಿ, ಅಂಗಾಲ ಕೆಳಗೆ ಕನ್ನಡಿ ಹಿಡಿದು ನೋಡುತ್ತಾನೆ. ಮುಖ ನೋಡಿಕೊಳ್ಳುವುದಕ್ಕಿಂತ ಹೆಚ್ಚು ಹೊತ್ತು ಕಾಲು ನೋಡಿಕೊಳ್ಳುತ್ತಾರೆ ಎಂದು ಗಿರಿಜಾಬಾಯಿ ಛೇಡಿಸುತ್ತಾಳೆ. ಮುಂಜಾನೆ ಮೆತ್ತನೆಯ ಬೂಟು ಹಾಕಿಕೊಂಡು, ಒಳಗೆ ಹರಳು ಇಲ್ಲವೆಂದು ಕೈಯಾಡಿಸಿ ನೋಡಿ, ಕೆರೆಯವರೆಗೆ ಹೋಗಿ ಬರುತ್ತಾನೆ. ಸಕ್ಕರೆ ಈಗ ನೂರ ನಲವತ್ತರ ಆಸುಪಾಸು ನಿಂತಿದೆ.

ಆ ವರ್ಷ ಆಗಸ್ಟ್ ಹದಿನೈದಕ್ಕೆ ಮಾಸ್ತರು ಮತ್ತೆ ಅವನನ್ನು ಕರೆದರು. ಮಚ್ಚೇಂದ್ರ ಹಿಮಗಾಳಿಯ ಕಥೆಯನ್ನೇ ಹೇಳಿದ. ಈ ಸಲ ಏಕನಾಥನ ಹೆಸರು ಹಿಡಿದು ಹೇಳಿದ. ಆಮೇಲೆ ಬೂಟು, ಕಾಲುಚೀಲ ಕಳಚಿ, ಕುರ್ಚಿಯ ಮೇಲೆ ಕಾಲಿಟ್ಟು, ಹೆಬ್ಬೆರಳ ಕಲೆ ತೋರಿಸಿದ.

"ಇದು ಬೆಟ್ಟದ್ದಲ್ಲ," ಎಂದ. "ಇದು ಕೊಹಿನೂರದ್ದು. ನಿಮ್ಮ ಮನ್ಯಾಗ ಯಾರ ಕಾಲ ಜೋಮು ಹಿಡೀತದ, ಅವರಿಗೆ ಇವತ್ತ ಸಂಜೀಗೆ ಹೇಳ್ರಿ."

ಮುಂದಿನ ಮಂಗಳವಾರ ಮನೀಷಾಳ ದವಾಖಾನೆಯ ಮುಂದೆ ಇಪ್ಪತ್ತಮೂರು ಜನ ನಿಂತಿದ್ದರು. ಏಳು ಜನರಿಗೆ ಸಕ್ಕರೆ ಇತ್ತು. ಏಳರಲ್ಲಿ ಒಬ್ಬರಿಗೂ ಅದು ಮೊದಲು ಗೊತ್ತಿರಲಿಲ್ಲ.

ಇದನ್ನು ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ, ಈ ಹಾಳೆ ಮಡಿಚುವ ಮೊದಲು ನಿಮ್ಮ ಕಾಲನ್ನು ಒಮ್ಮೆ ನೋಡಿಕೊಳ್ಳಿ. ಜೋಮು ಇದೆಯೇ, ಉರಿ ಇದೆಯೇ, ನೋವಿಲ್ಲದ ಗಾಯ ಇದೆಯೇ? ನೀರಡಿಕೆ, ಪದೇ ಪದೇ ಉಚ್ಚೆ, ಕಾರಣವಿಲ್ಲದ ದಣಿವು ಇದೆಯೇ? ಇದ್ದರೆ ಹತ್ತಿರದ ಸರ್ಕಾರಿ ದವಾಖಾನೆಗೆ ಹೋಗಿ ರಕ್ತ ತೋರಿಸಿ. ಜೋಮು ಹಿಡಿದ ಕಾಲಿಗೆ ಕೆಂಡ, ಬಿಸಿನೀರಿನ ಚೀಲ ತಾಗಿಸಬೇಡಿ, ಬರಿಗಾಲಲ್ಲಿ ನಡೆಯಬೇಡಿ. ಡಾಕ್ಟರು ಕೊಟ್ಟ ಗುಳಿಗೆಯನ್ನು ನಿಮಗೆ ನೀವೇ ನಿಲ್ಲಿಸಬೇಡಿ. ದುಡಿಮೆ ಬದಲಾದರೆ ಊಟವೂ ಬದಲಾಗಬೇಕು. ಬೆಟ್ಟ ಇಳಿದವನಿಗೂ ಸರಿ, ಹೊಲ ಬಿಟ್ಟು ಅಂಗಡಿಯಲ್ಲಿ ಕುಳಿತವನಿಗೂ ಸರಿ. ನಿಮ್ಮ ನೆಲ ಕೊಟ್ಟ ಕಾಳನ್ನು ಬಡವರದು ಎಂದು ನೂಕಬೇಡಿ. ಡಾಕ್ಟರು ಯಾವಾಗಿನಿಂದ ಎಂದು ಕೇಳಿದಾಗ ನಿಜ ಹೇಳಿ. ಆ ಒಂದು ಮಾತಿನಲ್ಲಿ ಒಂದು ಕಾಲು ಉಳಿದಿದೆ.

ಮಚ್ಚೇಂದ್ರ ಡಾಕ್ಟರಿಗೆ ಹೇಳಿದ, ಬ್ಯಾಂಕಿಗೆ ಹೇಳಿದ, ಊರ ಮಕ್ಕಳ ಮುಂದೆ ಕಾಲು ತೆರೆದಿಟ್ಟು ಹೇಳಿದ. ಒಂದನ್ನು ಮಾತ್ರ ಹೇಳಬೇಕಾದವನಿಗೆ ಹೇಳಲು ಆಗಲಿಲ್ಲ. ಬಂಡೆಯ ಮರೆಯಲ್ಲಿ ಆ ಮುದುಕ ಮುದ್ದೆಯ ಚೂರು ಅಂಗೈಗಿಟ್ಟು ಕೇಳಿದಾಗ, ಗೋಧಿ ಎಂದು ಅವನು ಹೇಳಿದ್ದ. ನಮ್ಮವ್ವ ಜೋಳ ನಾದುತ್ತಾಳೆ ಎಂದು ಅವನು ತುಂಡುಪ್‌ನಿಗೆ ಎಂದೂ ಹೇಳಲಿಲ್ಲ.